ಗೋಡೆಯ ಮೇಲಿನ ಫೈರ್ ಸಿಲಿಂಡರ್ ಬೇಕಾದಾಗ ಕೆಲಸ ಮಾಡಬೇಕಾದರೆ: ಮಲೆನಾಡಿನ ಮನೆ, ತೋಟ, ಹೋಂಸ್ಟೇಗೆ ಒಂದು ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದಿನ ಮಾತು. ಫೆಬ್ರವರಿ ಕೊನೆ. ರೊಬಸ್ಟಾ ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ಚಿಕ್ಕಮಗಳೂರಿನ ಆಲ್ದೂರು ಕಡೆಯ ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಎಲೆ ಕಾಲಿಟ್ಟರೆ ಚರಪರ ಅನ್ನುವಷ್ಟು ಒಣಗಿತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಮೋಟರ್ ಸ್ಟಾರ್ಟರ್‌ನಿಂದ ಕಿಡಿ ಹಾರಿ, ಪಕ್ಕದಲ್ಲಿ ಪೇರಿಸಿದ್ದ ಗೋಣಿ ಚೀಲಕ್ಕೆ ಬೆಂಕಿ ಹಿಡಿಯಿತು.

ಗೋಡೆಯಲ್ಲಿ ಫೈರ್ ಸಿಲಿಂಡರ್ ಇತ್ತು. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲೇ ಇತ್ತು. ಪಿನ್ ಎಳೆದೆ, ಹಿಡಿ ಒತ್ತಿದೆ. ಹೋಸ್ ಒಂದು ಸಲ ಬಿಗಿಯಾಯಿತು, ತುದಿಯಿಂದ ಚಿಟಿಕೆಯಷ್ಟು ಪುಡಿ ಉದುರಿತು. ಅಷ್ಟೇ. ಕೊನೆಗೆ ಮೇನ್ ಸ್ವಿಚ್ ಆಫ್ ಮಾಡಿ, ಕಾಫಿ ತೊಳೆಯುವ ತೊಟ್ಟಿಯಿಂದ ಬಕೆಟ್‌ನಲ್ಲಿ ನೀರು ಹೊತ್ತು ಹಾಕಿ ಆರಿಸಿದೆವು. ನೂರಕ್ಕೂ ಜಾಸ್ತಿ ಚೀಲ ಹೋಯಿತು, ಮಾಡಿಗೆ ಹತ್ತಲಿಲ್ಲ ಅನ್ನುವುದೇ ಪುಣ್ಯ. ಮರುದಿನ ಹೋಸ್ ಬಿಚ್ಚಿ ನೋಡಿದರೆ ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಎರಡು ಇಂಚು ಉದ್ದ, ಸಿಮೆಂಟಿನ ಹಾಗೆ ಗಟ್ಟಿ. ಸಿಲಿಂಡರಿನ ತಪ್ಪೇನೂ ಇರಲಿಲ್ಲ. ತಂದು ನೇತುಹಾಕಿ ನಾಲ್ಕು ವರ್ಷ ಅದರ ಕಡೆ ತಿರುಗಿ ನೋಡದ ನನ್ನ ತಪ್ಪು.

ಆಮೇಲೆ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ತೋಟದ ಮನೆ, ಹೋಂಸ್ಟೇ, ಅಂಗಡಿ, ಗೋಡೌನ್ ಇರುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಅಗ್ನಿನಂದಕ ಅಂತ ಹೆಸರಿದೆ. ನಮ್ಮ ಕಡೆ ಫೈರ್ ಸಿಲಿಂಡರ್ ಅಂತಲೇ ಕರೆಯುತ್ತೇವೆ, ಇಲ್ಲೂ ಹಾಗೇ ಕರೆಯುತ್ತೇನೆ. "ಕೆಂಪು ಸಿಲಿಂಡರ್" ಅಂತ ಮಾತ್ರ ಕರೆಯಬೇಡಿ. ಮನೆಯ ಗ್ಯಾಸ್ ಸಿಲಿಂಡರ್ ಕೂಡ ಕೆಂಪು. ಗಾಬರಿಯಲ್ಲಿ "ಕೆಂಪು ಸಿಲಿಂಡರ್ ತಗೊಂಡ್ ಬಾ" ಅಂದರೆ ಯಾವುದು ಬರುತ್ತದೋ ದೇವರೇ ಬಲ್ಲ.

ಮೊದಲು, ಉರಿಯುತ್ತಿರುವುದು ಏನು?

ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಶಾಖ, ಗಾಳಿಯಲ್ಲಿನ ಆಮ್ಲಜನಕ. ಒಂದನ್ನು ತಪ್ಪಿಸಿದರೆ ಬೆಂಕಿ ಆರುತ್ತದೆ. ನೀರು ಶಾಖ ತೆಗೆಯುತ್ತದೆ. ನೊರೆ ಗಾಳಿ ತಪ್ಪಿಸುತ್ತದೆ. ಪುಡಿ ಮುಖ್ಯವಾಗಿ ಉರಿಯುವ ಕ್ರಿಯೆಯನ್ನೇ ಮುರಿಯುತ್ತದೆ. ಹಾಗಾಗಿ ಎಲ್ಲ ಬೆಂಕಿಗೂ ಒಂದೇ ಮದ್ದು ಇಲ್ಲ.

ಬೆಂಕಿಯನ್ನು ಅಕ್ಷರಗಳಲ್ಲಿ ವಿಂಗಡಿಸುತ್ತಾರೆ. ಕಟ್ಟಿಗೆ, ಬಟ್ಟೆ, ಕಾಗದ, ಗೋಣಿ, ಕಾಫಿ ಸಿಪ್ಪೆ ಇವು ಎ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಪೇಂಟ್ ಇವು ಬಿ. ಅಡುಗೆ ಅನಿಲದಂಥವು ಸಿ. ಉರಿಯುವ ಲೋಹಗಳು ಡಿ, ಅದು ನಮ್ಮ ಮನೆಗಳಿಗೆ ಸಂಬಂಧವಿಲ್ಲ. ಕಾಯ್ದ ಅಡುಗೆ ಎಣ್ಣೆಗೆ ಎಫ್ ಅನ್ನುತ್ತಾರೆ. ಕರೆಂಟ್ ಬೆಂಕಿಗೆ ನಮ್ಮಲ್ಲಿ ಬೇರೆ ಅಕ್ಷರ ಇಲ್ಲ. ಕರೆಂಟ್ ಹೊತ್ತಿಸುವುದು ಅಷ್ಟೇ, ಉರಿಯುವುದು ವೈರಿನ ಪ್ಲಾಸ್ಟಿಕ್ಕು, ಮರ, ಎಣ್ಣೆ. ಮೇನ್ ಆಫ್ ಮಾಡಿದ ಕೂಡಲೇ ಅದು ಎ ಅಥವಾ ಬಿ ಬೆಂಕಿ ಆಗಿಬಿಡುತ್ತದೆ.

ಅಕ್ಷರ ಬಾಯಿಪಾಠ ಮಾಡುವುದಕ್ಕಿಂತ ಮನೆ ಸುತ್ತಿ ನೋಡುವುದು ವಾಸಿ. ಒಂದು ಸಂಜೆ ನಾನು ಪುಸ್ತಕ ಹಿಡಿದು ಹೊರಟೆ. ಪಲ್ಪರ್ ಮನೆಯಲ್ಲಿ ಮೋಟರ್ ಮತ್ತು ಗೋಣಿ. ಶೆಡ್ಡಿನಲ್ಲಿ ಕಳೆ ಹೊಡೆಯುವ ಮೆಷಿನ್ನಿಗೆ ಇಟ್ಟ ಪೆಟ್ರೋಲ್ ಕ್ಯಾನು. ಅಡುಗೆಮನೆಯಲ್ಲಿ ಗ್ಯಾಸು, ಮಳೆಗಾಲದಲ್ಲಿ ಅತಿಥಿಗಳಿಗೆ ಬಜ್ಜಿ ಕರಿಯುವ ದೊಡ್ಡ ಬಾಣಲೆ. ಬಚ್ಚಲ ಹಂಡೆ ಒಲೆಯ ಪಕ್ಕ ಸೌದೆ. ಮೆಟ್ಟಿಲ ಕೆಳಗೆ ಇನ್ವರ್ಟರ್ ಬ್ಯಾಟರಿ. ಅಲ್ಲಿಯವರೆಗೆ ಇಡೀ ಜಾಗಕ್ಕೆ ಒಂದೇ ಒಂದು ಸಿಲಿಂಡರ್ ಇಟ್ಟುಕೊಂಡು ಧೈರ್ಯವಾಗಿದ್ದೆ ಅನ್ನುವುದು ಆಗ ಗೊತ್ತಾಯಿತು.

ಯಾವ ಸಿಲಿಂಡರ್ ಎಲ್ಲಿಗೆ?

ಎಬಿಸಿ ಪುಡಿ: ಮನೆಗೂ ತೋಟಕ್ಕೂ ಒಂದೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಒಳಗಿರುವುದು ಮೋನೋ ಅಮೋನಿಯಂ ಫಾಸ್ಫೇಟ್ ಅನ್ನುವ ತಿಳಿಹಳದಿ ಪುಡಿ. ಎ, ಬಿ, ಸಿ ಮೂರಕ್ಕೂ ಆಗುತ್ತದೆ, ಕರೆಂಟ್ ಇರುವ ಕಡೆಯೂ ಬಳಸಬಹುದು. ಇದರ ಕೊರತೆ ಎರಡು. ಒಂದು, ಪುಡಿ ತಂಪು ಮಾಡುವುದಿಲ್ಲ. ಗೋಣಿ ರಾಶಿ, ಕಾಫಿ ಸಿಪ್ಪೆಯ ರಾಶಿ ಮೇಲೆ ಆರಿದ ಹಾಗೆ ಕಾಣುತ್ತದೆ, ಒಳಗೆ ಕೆಂಡ ಕೂತಿರುತ್ತದೆ. ಎರಡು, ಆಮೇಲಿನ ಗಲೀಜು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್: ಪ್ಯಾನೆಲ್ ಬೋರ್ಡ್, ಕಂಪ್ಯೂಟರ್, ಇನ್ವರ್ಟರ್ ಇರುವ ಕಡೆಗೆ ಒಳ್ಳೆಯದು. ಪುಡಿ ಇಲ್ಲ, ಕಲೆ ಇಲ್ಲ. ಬಯಲಿನಲ್ಲಿ ಗಾಳಿಗೆ ಹಾರಿಹೋಗುತ್ತದೆ. ಗೋಣಿ, ಸೌದೆಗೆ ಇದು ಸಾಲದು. ಚಿಕ್ಕ ಮುಚ್ಚಿದ ಕೋಣೆಯಲ್ಲಿ ಪೂರ್ತಿ ಬಿಟ್ಟರೆ ಉಸಿರು ಕಟ್ಟುತ್ತದೆ. ಹೊಡೆದ ಮೇಲೆ ತಕ್ಷಣ ಹೊರಗೆ ಬನ್ನಿ.

ನೀರಿನ ಸಿಲಿಂಡರ್, ಸಾಮಾನ್ಯವಾಗಿ 9 ಲೀಟರಿನದು: ಗೋಣಿ, ಕಟ್ಟಿಗೆ, ಹಾಸಿಗೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕರೆಂಟಿಗೂ ಎಣ್ಣೆಗೂ ಹತ್ತಿರ ತರಬೇಡಿ. ಡೀಸೆಲ್, ಪೆಟ್ರೋಲ್ ಜಾಸ್ತಿ ಇಡುವವರಿಗೆ ಫೋಮ್, ಅಂದರೆ ನೊರೆಯದ್ದು ಸಿಗುತ್ತದೆ, ಅದನ್ನೂ ಕರೆಂಟಿನಿಂದ ದೂರ ಇಡಬೇಕು. ದಿನಾ ಎಣ್ಣೆ ಕಾಯಿಸುವ ಹೋಟೆಲ್ ಅಡುಗೆಮನೆಗೆ ವೆಟ್ ಕೆಮಿಕಲ್ ಅಂತಲೇ ಬೇರೆ ಬರುತ್ತದೆ.

ನಮ್ಮಲ್ಲಿ ಈಗ ಪಲ್ಪರ್ ಮನೆಗೆ 6 ಕೆಜಿ ಎಬಿಸಿ ಒಂದು, ನೀರಿನದು ಒಂದು. ಅಡುಗೆಮನೆಯ ಹೊರಬಾಗಿಲಲ್ಲಿ 4 ಕೆಜಿ ಎಬಿಸಿ. ಇನ್ವರ್ಟರ್ ಹತ್ತಿರ 2 ಕೆಜಿ ಸಿಒ2. ಜೀಪಿನಲ್ಲಿ 1 ಕೆಜಿ. ದೊಡ್ಡದಿದ್ದರೆ ಒಳ್ಳೆಯದು ಅಂತ 9 ಕೆಜಿಯದ್ದು ಕೊಳ್ಳುವವರಿದ್ದಾರೆ. ಅದರ ಒಟ್ಟು ತೂಕ ಅದಕ್ಕಿಂತ ಎಷ್ಟೋ ಜಾಸ್ತಿ. ಅಡುಗೆಯ ಅಕ್ಕ ಅದನ್ನು ಕೊಕ್ಕೆಯಿಂದ ಎತ್ತಿ ಇಳಿಸಲು ಆಗುತ್ತದಾ? ಅಂಗಡಿಯಲ್ಲೇ ಎತ್ತಿ ನೋಡಿ ಕೊಳ್ಳಿ.

ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 15683 ಅನ್ನುವ ಸಂಖ್ಯೆ, ತಯಾರಾದ ವರ್ಷ ನೋಡಿ. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ.

ಎಲ್ಲಿ ತೂಗುಹಾಕಬೇಕು?

ಬಾಗಿಲ ಹತ್ತಿರ. ಇದೊಂದು ನೆನಪಿಟ್ಟರೆ ಮುಕ್ಕಾಲು ಭಾಗ ಆಯಿತು. ಗ್ಯಾಸ್ ಒಲೆಯ ಮೇಲಿನ ಗೋಡೆಗೆ ಹಾಕುವವರನ್ನು ನೋಡಿದ್ದೇನೆ. ಒಲೆ ಹೊತ್ತಿದರೆ ಬೆಂಕಿ ದಾಟಿ ಕೈಚಾಚಿ ತೆಗೆಯಬೇಕಲ್ಲ! ಹೊರಗೆ ಹೋಗುವ ದಾರಿಯಲ್ಲಿ ಇದ್ದರೆ ನೀವು ಮೊದಲು ಬಾಗಿಲಿಗೆ ಬರುತ್ತೀರಿ. ಅಲ್ಲಿ ನಿಂತು ತಿರುಗಿ ನೋಡಿ, ಹೋಗಬೇಕೋ ಬಿಡಬೇಕೋ ತೀರ್ಮಾನ ಮಾಡುತ್ತೀರಿ. ಎಲ್ಲಿ ನಿಂತರೂ 15 ಮೀಟರಿನೊಳಗೆ ಒಂದು ಸಿಲಿಂಡರ್ ಸಿಗಬೇಕು ಅನ್ನುವುದು ಭಾರತೀಯ ಮಾನಕದ ಲೆಕ್ಕ. ಎತ್ತರ ಸೊಂಟದಿಂದ ಎದೆಯ ಮಟ್ಟದಲ್ಲಿರಲಿ. ನೆಲದ ಮೇಲೆ ಇಡಬೇಡಿ. ನಮ್ಮ ಕಡೆಯ ಥಂಡಿ ನೆಲಕ್ಕೆ ತಳ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಕೊಯ್ಲಿನ ಸಮಯದಲ್ಲಿ ಒಂದು ವಿಷಯ ಗಮನಿಸಿ. ಚೀಲ ಬರುತ್ತವೆ, ಜಾಗ ಇರುವುದಿಲ್ಲ, ಸಿಲಿಂಡರಿನ ಮುಂದೆಯೇ ಪೇರಿಸುತ್ತಾರೆ. ಬೆಂಕಿಯ ಭಯ ಜಾಸ್ತಿ ಇರುವ ಜನವರಿ, ಫೆಬ್ರವರಿಯಲ್ಲೇ ಅದು ಚೀಲದ ಹಿಂದೆ ಮರೆಯಾಗಿರುತ್ತದೆ. ನಾನು ಅದರ ಕೆಳಗೆ ನೆಲಕ್ಕೆ ಹಳದಿ ಬಣ್ಣದ ಚೌಕ ಬಳಿಸಿದ್ದೇನೆ. ಚೌಕದೊಳಗೆ ಚೀಲ ಕಂಡರೆ ತೋಟದ ಲೆಕ್ಕ ನೋಡುವ ರೈಟರ್‌ಗೆ ಮೊದಲ ಬೈಗುಳ.

ಬಳಸುವ ಹೊತ್ತು

ಇಲ್ಲಿ ಅವಸರ ಮಾಡಬೇಡಿ, ಆದರೆ ಹೊತ್ತೂ ಜಾಸ್ತಿ ಇಲ್ಲ. 1 ಕೆಜಿ ಸಿಲಿಂಡರ್ ಖಾಲಿಯಾಗಲು ಹತ್ತು ಸೆಕೆಂಡ್ ಕೂಡ ಬೇಡ. 6 ಕೆಜಿಯದ್ದೂ ಹದಿನೈದು, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಸಿನಿಮಾದಲ್ಲಿ ನಿಮಿಷಗಟ್ಟಲೆ ಹೊಡೆಯುವುದನ್ನು ನೋಡಿ ಮೋಸ ಹೋಗಬೇಡಿ.

ಹೆಜ್ಜೆ 1. ಕೂಗಿ. "ಬೆಂಕಿ, ಎಲ್ಲರೂ ಹೊರಗೆ" ಅಂತ ಗಂಟಲು ಬಿಟ್ಟು ಕೂಗಿ. ಇನ್ನೊಬ್ಬರಿಗೆ 112 ಅಥವಾ 101ಕ್ಕೆ ಫೋನ್ ಮಾಡಲು ಹೇಳಿ. ಆರಿಸಿದ ಮೇಲೆ ಮಾಡೋಣ ಅಂತ ಕಾಯಬೇಡಿ. ಪೇಟೆಯಿಂದ ಗಾಡಿ ಎಸ್ಟೇಟ್ ರಸ್ತೆಯ ತಿರುವು ಹತ್ತಿ ಬರಬೇಕು. ಒಬ್ಬರನ್ನು ಮುಖ್ಯ ರಸ್ತೆಯ ಗೇಟಿಗೆ ಕಳಿಸಿ ನಿಲ್ಲಿಸಿ. ಗೂಗಲ್ ಮ್ಯಾಪ್ ನಮ್ಮ ತೋಟಗಳಿಗೆ ತೋರಿಸುವ ದಾರಿ ನಿಮಗೇ ಗೊತ್ತು.

ಹೆಜ್ಜೆ 2. ಮೂಲ ನಿಲ್ಲಿಸಿ. ಕೈಗೆ ಸಿಗುವ ಹಾಗಿದ್ದರೆ ಮಾತ್ರ ಕರೆಂಟಿನ ಮೇನ್, ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿ.

ಹೆಜ್ಜೆ 3. ನಿಲ್ಲುವ ಜಾಗ ನೋಡಿಕೊಳ್ಳಿ. ಬೆನ್ನ ಹಿಂದೆ ಬಾಗಿಲಿರಬೇಕು. ಬಯಲಾದರೆ ಗಾಳಿ ಬೆನ್ನಿಗೆ ಬೀಸುತ್ತಿರಬೇಕು. ಬೆಂಕಿ ನಿಮ್ಮ ಮತ್ತು ಬಾಗಿಲಿನ ನಡುವೆ ಇದ್ದರೆ ಸಿಲಿಂಡರ್ ಬಿಟ್ಟು ಬೇರೆ ದಾರಿ ಹುಡುಕಿ.

ಹೆಜ್ಜೆ 4. ಪಿನ್ ಎಳೆಯಿರಿ. ಪ್ಲಾಸ್ಟಿಕ್ ಸೀಲ್ ತಾನಾಗಿ ಮುರಿಯುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಗಾಬರಿಯಲ್ಲಿ ಹಿಡಿಯನ್ನು ಒತ್ತಿ ಹಿಡಿದೇ ಪಿನ್ ಎಳೆಯುತ್ತಾರೆ. ಹಿಡಿ ಒತ್ತಿದಾಗ ಪಿನ್ ಬಿಗಿಯಾಗುತ್ತದೆ, ಜಪ್ಪಯ್ಯ ಅಂದರೂ ಬರುವುದಿಲ್ಲ. ಸಿಲಿಂಡರನ್ನು ನೆಲಕ್ಕಿಡಿ, ಹಿಡಿಯಿಂದ ಕೈ ತೆಗೆಯಿರಿ, ಪಿನ್ನನ್ನು ಸ್ವಲ್ಪ ತಿರುಚಿ ಎಳೆಯಿರಿ.

ಹೆಜ್ಜೆ 5. ದೂರದಲ್ಲೇ ಒಂದು ಸಲ ಒತ್ತಿ ನೋಡಿ. ಅರ್ಧ ಸೆಕೆಂಡ್ ಸಾಕು. ಬರುತ್ತದೋ ಇಲ್ಲವೋ ಅನ್ನುವುದು ಬೆಂಕಿಯ ಹತ್ತಿರ ಹೋಗುವ ಮುಂಚೆ ಗೊತ್ತಾಗಬೇಕು. ನಾನು ಇದನ್ನು ಮಾಡಿರಲಿಲ್ಲ, ಬೆಂಕಿಯ ಬುಡದಲ್ಲಿ ನಿಂತು ಕಂಡುಕೊಂಡೆ. ಮುಳ್ಳು ಇಲ್ಲದ, ತಲೆಯ ಮೇಲೆ ಗುದ್ದುವ ಗುಂಡಿ ಇರುವ ಹಳೇ ಮಾದರಿಯ ಪುಡಿ ಸಿಲಿಂಡರ್ ಆದರೆ ಮೊದಲು ಗುಂಡಿ ಗುದ್ದಬೇಕು. ಒಳಗಿನ ಚಿಕ್ಕ ಗ್ಯಾಸ್ ಡಬ್ಬಿ ಒಡೆದು ಒತ್ತಡ ತುಂಬಲು ಕೆಲವು ಸೆಕೆಂಡ್ ಬಿಟ್ಟು ಆಮೇಲೆ ಹಿಡಿ ಒತ್ತಬೇಕು.

ಹೆಜ್ಜೆ 6. ಎರಡು ಮೂರು ಮೀಟರ್ ದೂರದಿಂದ ಬೆಂಕಿಯ ಬುಡಕ್ಕೆ ಗುರಿ ಇಡಿ. ಜ್ವಾಲೆಗಲ್ಲ. ಕಣ್ಣಿಗೆ ಕಾಣುವುದು ಜ್ವಾಲೆ, ಕೈ ಅಲ್ಲಿಗೇ ಹೋಗುತ್ತದೆ. ಪುಡಿ ಜ್ವಾಲೆ ಹಾದು ಆಚೆ ಗೋಡೆಗೆ ಬೀಳುತ್ತದೆ, ಬುಡದಲ್ಲಿ ಉರಿಯುವುದು ಉರಿಯುತ್ತಲೇ ಇರುತ್ತದೆ.

ಹೆಜ್ಜೆ 7. ಒತ್ತಿ, ಎಡಕ್ಕೆ ಬಲಕ್ಕೆ ಬೀಸಿ. ಅಂಗಳ ಗುಡಿಸುವ ಹಾಗೆ, ಮುಂದಿನ ಅಂಚಿನಿಂದ ಹಿಂದಕ್ಕೆ. ಬೆಂಕಿ ಹಿಂಜರಿದ ಹಾಗೆ ನೀವು ಮುಂದೆ ಹೋಗಿ. ಎಣ್ಣೆ, ಪೆಟ್ರೋಲ್ ಆದರೆ ತುಂಬ ಹತ್ತಿರದಿಂದ ಹೊಡೆಯಬೇಡಿ, ಒತ್ತಡಕ್ಕೆ ಎಣ್ಣೆಯೇ ಚಿಮ್ಮಿ ಬೆಂಕಿ ಹರಡುತ್ತದೆ. ಸಿಒ2 ಆದರೆ ಗ್ಯಾಸ್ ಹೊರಬರುವ ಕಪ್ಪು ಕೊಂಬನ್ನು ಬರಿಗೈಯಲ್ಲಿ ಹಿಡಿಯಬೇಡಿ. ಹೊರಬರುವಾಗ ಆ ಗ್ಯಾಸ್ ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಮಂಜಾಗಿರುತ್ತದೆ. ಚರ್ಮ ಅಂಟಿ ಕಿತ್ತುಬರುತ್ತದೆ. ಹಿಡಿಕೆ ಹಿಡಿಯಿರಿ.

ಹೆಜ್ಜೆ 8. ಹಿಂದೆ ಹಿಂದೆ ನಡೆದು ಬನ್ನಿ. ಆರಿತು ಅಂದುಕೊಂಡು ಬೆನ್ನು ತಿರುಗಿಸಬೇಡಿ. ಗೋಣಿ, ಸಿಪ್ಪೆ, ಹಾಸಿಗೆ ಆದರೆ ಕರೆಂಟ್ ಆಫ್ ಆಗಿದೆ ಅಂತ ಖಾತ್ರಿ ಮಾಡಿಕೊಂಡು ಹೊರಗೆ ಎಳೆಸಿ, ಬಿಡಿಸಿ, ಚೆನ್ನಾಗಿ ನೀರು ಹಾಕಿ. ಸಿಪ್ಪೆ ರಾಶಿಯ ಒಳಗಿನ ಕೆಂಡ ಗಂಟೆಗಳ ನಂತರವೂ ಏಳುತ್ತದೆ. ರಾತ್ರಿ ಒಬ್ಬರು ಕಾಯಬೇಕು.

ಅಡುಗೆಮನೆಯ ಎರಡು ಬೆಂಕಿ

ಬಾಣಲೆ ಎಣ್ಣೆಗೆ ಬೆಂಕಿ ಹಿಡಿದರೆ ಮೊದಲು ಬೇಕಾದ್ದು ಫೈರ್ ಸಿಲಿಂಡರ್ ಅಲ್ಲ, ಮುಚ್ಚಳ. ಒಲೆ ಆಫ್ ಮಾಡಿ, ಬಾಣಲೆಗಿಂತ ದೊಡ್ಡ ತಟ್ಟೆಯನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚಿ. ತಣ್ಣಗಾಗುವವರೆಗೆ ತೆಗೆಯಬೇಡಿ. ಬಾಣಲೆ ಎತ್ತಿ ಹೊರಗೆ ಒಯ್ಯಬೇಡಿ. ನೀರಂತೂ ಹಾಕಲೇಬೇಡಿ. ಕಾಯ್ದ ಎಣ್ಣೆಯ ತಳಕ್ಕೆ ಇಳಿದ ನೀರು ಕ್ಷಣದಲ್ಲಿ ಆವಿಯಾಗಿ ಉಬ್ಬುತ್ತದೆ, ಉರಿಯುವ ಎಣ್ಣೆ ಮಾಡಿನವರೆಗೆ ಚಿಮ್ಮುತ್ತದೆ. ನಮ್ಮ ಅಡುಗೆಮನೆಯಲ್ಲಿ ದೊಡ್ಡ ತಟ್ಟೆಯೊಂದು ಒಲೆಯ ಹತ್ತಿರದ ಮೊಳೆಗೆ ಸದಾ ನೇತಾಡುತ್ತದೆ. ಅದಕ್ಕೆ ಬೇರೆ ಕೆಲಸ ಇಲ್ಲ.

ಗ್ಯಾಸ್ ಸೋರಿ ಉರಿಯುತ್ತಿದ್ದರೆ ಆ ಜ್ವಾಲೆಯನ್ನು ಸುಮ್ನೆ ಆರಿಸಲು ಹೋಗಬೇಡಿ. ರೆಗ್ಯುಲೇಟರ್ ಆಫ್ ಮಾಡಿದರೆ ತಾನೇ ಆರುತ್ತದೆ. ಆಫ್ ಮಾಡದೆ ಪುಡಿ ಹೊಡೆದು ಆರಿಸಿದರೆ ಗ್ಯಾಸ್ ಸೋರುತ್ತಲೇ ಇರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಡಿ ಬಚ್ಚಲ ಒಲೆ ಮುಟ್ಟಿದರೆ ಇಡೀ ಮನೆ ಸಿಡಿಯುತ್ತದೆ. ಆಫ್ ಮಾಡಲು ಆಗದಿದ್ದರೆ ಎಲ್ಲರನ್ನೂ ದೂರ ಕರೆದುಕೊಂಡು ಹೋಗಿ. ಬೆಂಕಿ ಇಲ್ಲದೆ ಬರೀ ವಾಸನೆ ಬರುತ್ತಿದ್ದರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಬಿಟ್ಟು ಓಡಬೇಕಾದ ಬೆಂಕಿ

ಬೆಂಕಿ ನಿಮಗಿಂತ ಎತ್ತರ ಆಗಿದೆಯೇ? ಮಾಡು ಮುಟ್ಟಿದೆಯೇ? ಕೋಣೆಯಲ್ಲಿ ಎದೆ ಮಟ್ಟಕ್ಕೆ ಹೊಗೆ ಇಳಿದಿದೆಯೇ? ಒಳಗೆ ಗ್ಯಾಸ್ ಸಿಲಿಂಡರ್ ಬೆಂಕಿಗೆ ಬಿಸಿಯಾಗುತ್ತಿದೆಯೇ? ಒಂದಕ್ಕೆ ಹೌದು ಅಂದರೂ ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. ಒಂದು ಸಿಲಿಂಡರ್ ಖಾಲಿಯಾದರೂ ಬೆಂಕಿ ಬಗ್ಗಲಿಲ್ಲ ಅಂದರೂ ಅಷ್ಟೇ. ಜನ ಸಾಯುವುದು ಸುಟ್ಟು ಮಾತ್ರ ಅಲ್ಲ, ಎಷ್ಟೋ ಸಲ ಹೊಗೆ ಕುಡಿದು.

ಗುಡ್ಡದ ಹುಲ್ಲಿನ ಬೆಂಕಿಗೂ ಈ ಸಿಲಿಂಡರ್ ಹೊತ್ತುಕೊಂಡು ಹೋಗಬೇಡಿ. ಬಾಬಾಬುಡನ್‌ಗಿರಿ ಸಾಲಿನಲ್ಲಿ, ಚಾರ್ಮಾಡಿ ಮೇಲೆ ಬೇಸಿಗೆಯಲ್ಲಿ ಏಳುವ ಬೆಂಕಿಗೆ ಆರು ಕೆಜಿ ಪುಡಿ ಯಾವ ಮೂಲೆಗೆ? ತೋಟದ ಅಂಚಿನಲ್ಲಿ ಬೆಂಕಿರೇಖೆ, ಅಂದರೆ ಹುಲ್ಲು ಎಲೆ ಇಲ್ಲದ ಪಟ್ಟಿ, ಮೊದಲೇ ಕೆತ್ತಿಸಿರಬೇಕು. ಬಂದಾಗ ಹಸಿಸೊಪ್ಪು, ನೀರು, ಅರಣ್ಯ ಇಲಾಖೆಯವರು, ಅಗ್ನಿಶಾಮಕದವರು. ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿಯೂ ಹಾಗೇ. ಪುಡಿಗೆ ಜ್ವಾಲೆ ಅಡಗಿದ ಹಾಗೆ ಕಂಡು ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆ, ಅದರ ಹೊಗೆಯೂ ವಿಷ. ದೂರ ನಿಂತು ಅಗ್ನಿಶಾಮಕದವರನ್ನು ಕರೆಯಿರಿ.

ಜೀಪಿನ ಬಾನೆಟ್ ಒಳಗೆ ಹೊಗೆ ಕಂಡರೆ ಎಂಜಿನ್ ಆಫ್ ಮಾಡಿ ಎಲ್ಲರನ್ನೂ ಇಳಿಸಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಭುಗಿಲೇಳುತ್ತದೆ. ಬೀಗ ಬಿಟ್ಟಷ್ಟೇ ಸಂದಿನಿಂದ ಪುಡಿ ಹೊಡೆಯಿರಿ.

ಆರಿದ ಮೇಲೆ

ಎಬಿಸಿ ಪುಡಿ ವಿಷವಲ್ಲ, ಆದರೆ ಗಂಟಲು, ಕಣ್ಣು ಉರಿಯುತ್ತದೆ. ಕಿಟಕಿ ತೆರೆಯಿರಿ, ಮೂಗಿಗೆ ಬಟ್ಟೆ ಕಟ್ಟಿ, ಕಣ್ಣಿಗೆ ಬಿದ್ದರೆ ನೀರಿನಲ್ಲಿ ತೊಳೆಯಿರಿ. ಪುಡಿ ಬಿದ್ದ ಕಾಫಿ, ಅಕ್ಕಿ, ಎಣ್ಣೆ ಯಾವುದನ್ನೂ ಉಳಿಸಿಕೊಳ್ಳಬೇಡಿ. ಹೊಟ್ಟೆ ಉರಿಯುತ್ತದೆ ನಿಜ, ಎಸೆಯಿರಿ. ಮೋಟರ್, ಬೋರ್ಡ್ ಮೇಲೆ ಬಿದ್ದದ್ದನ್ನು ಅವತ್ತೇ ಒಣ ಬ್ರಷ್‌ನಿಂದ ಕೊಡವಿಸಿ. ಥಂಡಿ ತಾಗಿದರೆ ಅದು ಆಮ್ಲವಾಗಿ ತಾಮ್ರ, ಕಬ್ಬಿಣ ತಿನ್ನುತ್ತದೆ. ನಮ್ಮ ಹವಾದಲ್ಲಿ ಥಂಡಿ ತಾಗುವುದಕ್ಕೆ ಒಂದು ರಾತ್ರಿ ಸಾಕು.

ಒಂದೇ ಸಲ ಪುಸಕ್ ಅಂದಿರಲಿ, ಆ ಸಿಲಿಂಡರ್ ಗೋಡೆಗೆ ವಾಪಸ್ ಹೋಗಬಾರದು. ವಾಲ್ವಿನ ಬಾಯಿಯಲ್ಲಿ ಪುಡಿಯ ಕಣ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚುವುದಿಲ್ಲ. ಕೆಲವೇ ದಿನದಲ್ಲಿ ಒತ್ತಡವೆಲ್ಲ ಸೋರಿಹೋಗಿರುತ್ತದೆ. ರೀಫಿಲ್‌ಗೆ ಕಳಿಸಿ.

ನೋಡಿಕೊಳ್ಳುವುದು

ಬಯಲುಸೀಮೆಯವರಿಗೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಚಪ್ಪಲಿಗೂ ಬೂಷ್ಟು ಬರುವ ಜಾಗ ನಮ್ಮದು. ಕಬ್ಬಿಣದ ಸಿಲಿಂಡರ್ ಮಾತ್ರ ಹೊಸದರಂತೆ ಇರುತ್ತದಾ?

ತಿಂಗಳಿಗೊಮ್ಮೆ ನಾನೇ ನೋಡುತ್ತೇನೆ. ಕೂಲಿ ಬಟವಾಡೆಯ ದಿನ ಅಂತ ಗುರುತು ಮಾಡಿಕೊಂಡಿದ್ದೇನೆ, ಮರೆಯುವುದಿಲ್ಲ. ಒಂದು ಸಿಲಿಂಡರಿಗೆ ಎರಡು ನಿಮಿಷ.

ಮೊದಲು ಮುಳ್ಳು. ಹಸಿರಿನಲ್ಲಿರಬೇಕು. ಕೆಳಗಿನ ಕೆಂಪಿಗೆ ಇಳಿದಿದ್ದರೆ ಒತ್ತಡ ಸೋರಿದೆ, ಮೇಲಿನ ಕೆಂಪಿಗೆ ಹೋಗಿದ್ದರೆ ಜಾಸ್ತಿ ಆಗಿದೆ. ಎರಡೂ ರಿಪೇರಿಗೆ. ಗಾಜಿನ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿ, ಕೆಲವು ಸಲ ಮುಳ್ಳು ಹಸಿರಿನಲ್ಲೇ ಅಂಟಿ ಕೂತಿರುತ್ತದೆ. ಹಸಿರು ಮುಳ್ಳು ಹೇಳುವುದು ಒಳಗೆ ಒತ್ತಡ ಇದೆ ಅಂತ ಮಾತ್ರ. ದಾರಿ ತೆರೆದಿದೆ ಅಂತ ಅಲ್ಲ. ನನಗೆ ಆ ಪಾಠ ನೂರು ಗೋಣಿ ಚೀಲದ ಬೆಲೆಗೆ ಸಿಕ್ಕಿತು.

ಆಮೇಲೆ ಹೋಸಿನ ಬಾಯಿ. ಟಾರ್ಚ್ ಬಿಟ್ಟು ನೋಡಿ. ಕುಂಬಾರ ಹುಳ, ಜೇಡ, ಇರುವೆ ಯಾವುದಕ್ಕೂ ಆ ತೂತು ಹೇಳಿ ಮಾಡಿಸಿದ ಮನೆ. ಗೂಡು ಕಂಡರೆ ಕಡ್ಡಿ ಹಾಕಿ ಒಳಗೆ ತಳ್ಳಬೇಡಿ, ಇನ್ನೂ ಬಿಗಿಯಾಗುತ್ತದೆ. ಡೀಲರ್ ಹತ್ತಿರ ಹೋಸ್ ಬಿಚ್ಚಿಸಿ ತೆಗೆಸಿ. ಕಂಪನಿ ಕೊಟ್ಟ ಮುಚ್ಚಳ ಇದ್ದರೆ ಎಸೆಯಬೇಡಿ. ಇಲ್ಲದಿದ್ದರೆ ತುದಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಸುತ್ತಿ ನೂಲು ಕಟ್ಟುತ್ತೇನೆ. ಒತ್ತಡಕ್ಕೆ ಅದು ಹಾರಿಹೋಗಬೇಕು, ಹಾಗಾಗಿ ಟೇಪ್ ಬಿಗಿದು ಸುತ್ತಬೇಡಿ, ಬಟ್ಟೆ ತುರುಕಬೇಡಿ.

ಪಿನ್ ಸಲೀಸಾಗಿ ಅಲುಗಾಡುತ್ತದೆಯೇ, ಸೀಲ್ ಇದೆಯೇ ನೋಡಿ. ಪ್ಲಾಸ್ಟಿಕ್ ಸೀಲ್ ಹೋಗಿದೆ ಅಂತ ಕಬ್ಬಿಣದ ತಂತಿ ಸುತ್ತಿ ಗಂಟು ಹಾಕುವವರಿದ್ದಾರೆ. ಕಟಿಂಗ್ ಪ್ಲೇಯರ್ ಹುಡುಕುವಷ್ಟರಲ್ಲಿ ಮನೆ ಬೂದಿ. ತಳ, ಬೆಸುಗೆ, ಕೊಕ್ಕೆಗೆ ತಾಗುವ ಜಾಗ ಒರೆಸಿ ತುಕ್ಕು ನೋಡಿ. ಬಣ್ಣದ ಮೇಲಿನ ಕಲೆ ಪರವಾಗಿಲ್ಲ. ಗುಳಿ ಬಿದ್ದಿದ್ದರೆ, ಬಣ್ಣದ ಕೆಳಗೆ ಪದರ ಎದ್ದಿದ್ದರೆ, ಮೈ ತಗ್ಗಿದ್ದರೆ ಬಳಸಬೇಡಿ. ತುಕ್ಕಿನ ಮೇಲೆ ಕೆಂಪು ಪೇಂಟ್ ಬಳಿದು ಮುಚ್ಚುವುದಂತೂ ಬೇಡವೇ ಬೇಡ. ಒಳಗೆ ಸುಮಾರು 15 ಬಾರ್ ಒತ್ತಡ ಇರುತ್ತದೆ, ಕಾರ್ ಟೈರಿನ ಆರೇಳು ಪಟ್ಟು.

ಸಿಒ2ಗೆ ಸಾಮಾನ್ಯವಾಗಿ ಮುಳ್ಳು ಇರುವುದಿಲ್ಲ. ಅದನ್ನು ತೂಕ ಮಾಡಿಯೇ ನೋಡಬೇಕು. ಈ ವಿಷಯದಲ್ಲಿ ನಾವು ಪುಣ್ಯವಂತರು, ಪ್ರತಿ ತೋಟದಲ್ಲೂ ತಕ್ಕಡಿ ಇರುತ್ತದೆ ಅಲ್ವಾ. ಖಾಲಿ ತೂಕ, ತುಂಬಿದ ತೂಕ ಅದರ ಮೇಲೇ ಬರೆದಿರುತ್ತದೆ. ತುಂಬಿದ ಗ್ಯಾಸಿನಲ್ಲಿ ನೂರಕ್ಕೆ ಹತ್ತರಷ್ಟು ಕಮ್ಮಿಯಾಗಿದ್ದರೆ ರೀಫಿಲ್ ಮಾಡಿಸಬೇಕು. 2 ಕೆಜಿಯದ್ದಾದರೆ 200 ಗ್ರಾಂ. ಗೋಣಿ ತೂಗುವ ದೊಡ್ಡ ತಕ್ಕಡಿಗೆ ಈ ವ್ಯತ್ಯಾಸ ಗೊತ್ತಾಗದು, ಚಿಕ್ಕದರಲ್ಲಿ ತೂಗಿ.

ಪುಡಿಯದ್ದನ್ನು ಮೂರು ತಿಂಗಳಿಗೊಮ್ಮೆ ಇಳಿಸಿ, ನಾಲ್ಕೈದು ಸಲ ತಲೆಕೆಳಗು ಮಾಡಿ. ಪುಡಿ ಒಳಗೆ ಜಾರುವುದು ಕೈಗೆ ತಿಳಿಯುತ್ತದೆ. ಜೀಪಿನದ್ದನ್ನು ತಿಂಗಳಿಗೊಮ್ಮೆ ಮಾಡುತ್ತೇನೆ. ನಮ್ಮ ಎಸ್ಟೇಟ್ ರಸ್ತೆಯ ಕುಲುಕಾಟಕ್ಕೆ ಪುಡಿ ಕೆಳಗೆ ಕೂತು ಬಿಗಿಯುತ್ತದೆ. ಜೀಪನ್ನು ಕಡೂರಿನ ಬಿಸಿಲಿನಲ್ಲಿ ದಿನವಿಡೀ ನಿಲ್ಲಿಸುವವರು ಸಿಲಿಂಡರನ್ನು ಗಾಜಿನ ಹಿಂದೆ ಇಡದೆ ಸೀಟಿನ ಕೆಳಗೆ ಬಿಗಿದಿಡಿ.

ವರ್ಷದಲ್ಲಿ ಎರಡು ಸಲ ದೊಡ್ಡ ತಪಾಸಣೆ ಮಾಡುತ್ತೇನೆ. ಒಂದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ. ಇನ್ನೊಂದು ದಸರಾಕ್ಕೆ. ಆಯುಧಪೂಜೆಗೆ ಪಲ್ಪರ್, ಮೋಟರ್, ಜೀಪು ಎಲ್ಲ ತೊಳೆದು ಪೂಜೆ ಮಾಡುತ್ತೇವಲ್ಲ, ಫೈರ್ ಸಿಲಿಂಡರನ್ನೂ ಸಾಲಿನಲ್ಲಿ ಇಟ್ಟುಬಿಟ್ಟೆ. ಕುಂಕುಮ ಮೈಗೆ ಇಡಿ, ಮುಳ್ಳಿನ ಗಾಜಿಗೆ ಬೇಡ. ಹೂವಿನ ಹಾರವನ್ನು ಹಿಡಿಗೆ ಸುತ್ತಿ ಬಿಡಬೇಡಿ, ಮರುದಿನವೇ ತೆಗೆಯಿರಿ.

ರೀಫಿಲ್, ಪ್ರೆಶರ್ ಟೆಸ್ಟ್

ನೀವೇ ಬಿಚ್ಚುವ ಕೆಲಸ ಇಲ್ಲಿ ಯಾವುದೂ ಇಲ್ಲ. ವರ್ಷಕ್ಕೊಮ್ಮೆ ತಿಳಿದವರಿಂದ ಸರ್ವಿಸ್ ಮಾಡಿಸಿ. ಭಾರತೀಯ ಮಾನಕ ಐಎಸ್ 2190 ಪ್ರಕಾರ ಪುಡಿ, ನೀರು, ಫೋಮ್ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ, ಸಿಒ2ಗೆ ಐದು ವರ್ಷಕ್ಕೊಮ್ಮೆ ಪ್ರೆಶರ್ ಟೆಸ್ಟ್ ಆಗಬೇಕು. ಒಳಗೆ ನೀರು ತುಂಬಿ, ಮಾಮೂಲಿಗಿಂತ ಜಾಸ್ತಿ ಒತ್ತಡ ಕೊಟ್ಟು ಮೈ ತಡೆಯುತ್ತದೋ ನೋಡುತ್ತಾರೆ. ದಿನಾಂಕವನ್ನು ಸಿಲಿಂಡರಿನ ಮೇಲೆ ಗುರುತು ಮಾಡಿಸಿಕೊಳ್ಳಿ.

ಈ ವ್ಯವಹಾರದಲ್ಲಿ ಮೋಸ ಸುಲಭ. ಸಿಲಿಂಡರ್ ಒಯ್ದು, ಒರೆಸಿ, ಹೊಸ ಸ್ಟಿಕರ್ ಅಂಟಿಸಿ ತಂದರೆ ಯಾರಿಗೆ ಗೊತ್ತಾಗುತ್ತದೆ? ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ರೀಫಿಲ್‌ಗೆ ಕೊಡುವ ಮುಂಚಿನ ದಿನ ಹಳೇ ಸಿಲಿಂಡರನ್ನು ಕಣದ ಬಯಲಿನಲ್ಲಿ ನಾವೇ ಖಾಲಿ ಮಾಡುತ್ತೇವೆ. ಕಣದಲ್ಲಿ ಕಾಫಿ ಹರಡಿಲ್ಲದ ಕಾಲ ನೋಡಿಕೊಳ್ಳಿ. ಒಂದು ತಗಡಿನ ಡಬ್ಬಿಯಲ್ಲಿ ಹಳೇ ಗೋಣಿ ಹೊತ್ತಿಸಿ, ಪಕ್ಕದಲ್ಲಿ ಎರಡು ಬಕೆಟ್ ನೀರು ಇಟ್ಟುಕೊಂಡು, ಅಡುಗೆಯ ಅಕ್ಕ, ರೈಟರ್, ಡ್ರೈವರ್, ಕಾರ್ಮಿಕರ ಲೈನ್ ಮನೆಯ ಇಬ್ಬರು, ಒಬ್ಬೊಬ್ಬರ ಕೈಗೆ ಎರಡೆರಡು ಸೆಕೆಂಡ್. ಮೊದಲ ಸಲ ಎಲ್ಲರೂ ಸದ್ದಿಗೆ ಹೆದರಿ ಹಿಡಿ ಬಿಟ್ಟರು. ಎಲ್ಲರೂ ಜ್ವಾಲೆಗೇ ಹೊಡೆದರು. ಎರಡನೇ ಸಲ ಬುಡಕ್ಕೆ ಬಂತು. ಈಗ ಡೀಲರ್‌ಗೆ ಹೋಗುವುದು ಖಾಲಿ ಸಿಲಿಂಡರ್, ತುಂಬದೆ ವಾಪಸ್ ತರಲು ಆಗುವುದಿಲ್ಲ. ಬಂದ ಮೇಲೆ ತೂಕವನ್ನೂ ನೋಡಿಕೊಳ್ಳಿ. ರೀಫಿಲ್ ಆಗಿ ಬರುವವರೆಗೆ ಆ ಸಿಲಿಂಡರ್ ಇರುವುದಿಲ್ಲವಲ್ಲ, ಎಲ್ಲವನ್ನೂ ಒಟ್ಟಿಗೆ ಕಳಿಸಬೇಡಿ.

ಪುಡಿ, ನೀರಿನ ಸಿಲಿಂಡರಿಗೆ ಹತ್ತು ವರ್ಷ, ಸಿಒ2ಗೆ ಹದಿನೈದು ವರ್ಷ ಆಯುಸ್ಸು ಅಂತ ಲೆಕ್ಕ. ಆಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಡೀಲರ್‌ಗೆ ವಾಪಸ್ ಕೊಡಿ. ಗುಜರಿಗೆ ತುಂಬಿದ್ದನ್ನು ಹಾಕಬೇಡಿ. ಅಲ್ಲಿ ಯಾರೋ ಗ್ಯಾಸ್ ಕಟರ್ ಹಿಡಿಯುತ್ತಾರೆ, ಅದು ಬಾಂಬ್.

ಹಳೇ ಎಸ್ಟೇಟ್ ಬಂಗಲೆಗಳ ವರಾಂಡದಲ್ಲಿ ಶಂಕುವಿನಾಕಾರದ ಕೆಂಪು ಸಿಲಿಂಡರ್ ಕಂಡಿರಬಹುದು. ಸೋಡಾ ಆಸಿಡ್ ಮಾದರಿ ಅದು. ಒಳಗೆ ಸೋಡಾ ಕರಗಿಸಿದ ನೀರು, ಮೇಲೆ ಗಾಜಿನ ಬಾಟಲಿಯಲ್ಲಿ ಗಂಧಕಾಮ್ಲ. ಗುಂಡಿ ಗುದ್ದಿದರೆ ಬಾಟಲಿ ಒಡೆದು, ಹುಟ್ಟಿದ ಗ್ಯಾಸ್ ನೀರನ್ನು ತಳ್ಳುತ್ತಿತ್ತು. ಈಗ ಅದರ ಬಳಕೆ ಇಲ್ಲ. ನಮ್ಮ ಹೋಂಸ್ಟೇಯಲ್ಲೂ ಒಂದಿತ್ತು, ಅತಿಥಿಗಳು ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಳಗೆ ಆಮ್ಲ ಇನ್ನೂ ಇದೆಯೋ ಇಲ್ಲವೋ ಅಂತ ಯಾರಿಗೂ ಗೊತ್ತಿರಲಿಲ್ಲ. ಗುಂಡಿ ಮುಟ್ಟದೆ, ತಲೆಕೆಳಗು ಮಾಡದೆ ಮೆಲ್ಲಗೆ ಇಳಿಸಿ, ತಿಳಿದವರನ್ನು ಕರೆಸಿ ಖಾಲಿ ಮಾಡಿಸಿದೆವು. ಈಗ ಅದು ಮತ್ತೆ ವರಾಂಡಕ್ಕೆ ಬಂದಿದೆ, "ಖಾಲಿ, ನೋಡಲು ಮಾತ್ರ" ಅನ್ನುವ ಬೋರ್ಡಿನ ಜೊತೆ. ಕೆಲಸ ಮಾಡುವ ಸಿಲಿಂಡರ್ ಎಲ್ಲಿದೆ ಅಂತ ಅದೇ ಬೋರ್ಡಿನಲ್ಲಿ ಬಾಣದ ಗುರುತು ಹಾಕಿಸಿದ್ದೇನೆ.